ಥೂ ಪಾಪಿ! ಅನ್ನಿಸಿಕೊಳ್ಳೋದು ಅಷ್ಟು ಸುಲಭವಲ್ಲ ಸ್ವಾಮೀ!

ಮಾಗಡಿ ಸೀಮೆಯ ನಾಟಕದ ಅಟ್ಟದಿಂದ ಬೆಳ್ಳಿತೆರೆಯವರೆಗೆ... ಖಳನಾಯಕರ ತಯಾರಿಯ ಒಳಗುಟ್ಟು!

ನಾಯಕನನ್ನು ಹುಡುಕುವುದು ಸುಲಭ. ನಮ್ಮ ಮಾಗಡಿ ಕಡೆಯ ಯಾವ ಹಳ್ಳಿಗೆ ಬೇಕಾದರೂ ಹೋಗಿ, ರಾಗಿ ಕಣ ಮುಗಿದ ಮೇಲೆ 'ಈ ಸಲ ಕುರುಕ್ಷೇತ್ರ ಆಡೋಣ' ಎಂದು ಒಂದು ಮಾತು ಬಿಟ್ಟು ನೋಡಿ. ಕೃಷ್ಣನಾಗಲು ನಾಲ್ವರು, ಅರ್ಜುನನಾಗಲು ಮೂವರು, ಭೀಮನಾಗಲು ಗರಡಿಮನೆಯ ಪೈಲ್ವಾನರೆಲ್ಲ ಸಾಲುಗಟ್ಟಿ ನಿಲ್ಲುತ್ತಾರೆ. ದುರ್ಯೋಧನನ ಪಾತ್ರಕ್ಕಂತೂ ಜಗಳವೇ ಆಗಿಬಿಡುತ್ತದೆ! ಆದರೆ ಡ್ರಾಮಾ ಮೇಷ್ಟ್ರು 'ದುಶ್ಶಾಸನ ಯಾರು ಮಾಡ್ತೀರ್ರಪ್ಪಾ?' ಎಂದು ಕೇಳಿದರೆ ಮಾತ್ರ ಒಬ್ಬ ಬೀಡಿ ಹಚ್ಚುತ್ತಾನೆ, ಇನ್ನೊಬ್ಬ ಆಕಾಶ ನೋಡುತ್ತಾನೆ.

ಯಾಕೆ ಸ್ವಾಮಿ? ಅಣ್ಣನೂ ಕೆಟ್ಟವನೇ, ತಮ್ಮನೂ ಕೆಟ್ಟವನೇ. ಅಣ್ಣನಿಗೆ ಅಷ್ಟು ಬೇಡಿಕೆ, ತಮ್ಮನಿಗೆ ಈ ಗತಿ ಏಕೆ? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಹಲವು ರಾತ್ರಿ ನಿದ್ದೆ ಕೆಟ್ಟಿದ್ದೇನೆ. ಚಪ್ಪರದ ಮುಂದೆ ಚಾಪೆ ಹಾಸಿ ಕೂತು ನೋಡಿದ್ದು, ಪರದೆಯ ಹಿಂದೆ ನಿಂತು ಕೇಳಿದ್ದು, ಟೆಂಟಿನಲ್ಲೂ ಟಾಕೀಸಿನಲ್ಲೂ ಕಂಡದ್ದು... ಎಲ್ಲವನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ.

ದುಡ್ಡು ಕೊಟ್ಟು ಬಣ್ಣ ಹಚ್ಚುವವರು!

ಪಟ್ಟಣದ ಓದುಗರಿಗೆ ಒಂದು ವಿಷಯ ಮೊದಲೇ ತಿಳಿಸಿಬಿಡಬೇಕು. ಸಿನಿಮಾದಲ್ಲಿ ನಟನಿಗೆ ದುಡ್ಡು ಕೊಡುತ್ತಾರೆ. ನಮ್ಮ ಹಳ್ಳಿಯ ಪೌರಾಣಿಕ ನಾಟಕದಲ್ಲಿ ನಟನೇ ದುಡ್ಡು ಕೊಡುತ್ತಾನೆ! ಒಂದೊಂದು ಪಾತ್ರಕ್ಕೆ ಒಂದೊಂದು ರೇಟು. ಆ ದುಡ್ಡಿನಲ್ಲೇ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಡ್ರೆಸ್ಸು, ಕಿರೀಟ, ಮೈಕ್ ಸೆಟ್ಟು, ಊರ ಹೊರಗಿನಿಂದ ಬರುವ ಸ್ತ್ರೀಪಾತ್ರದ ಕಲಾವಿದೆಯರ ಸಂಭಾವನೆ ಎಲ್ಲವೂ ನಡೆಯಬೇಕು. ಎರಡು ಮೂರು ತಿಂಗಳು, ಹೊಲದ ಕೆಲಸ ಮುಗಿಸಿ ಬಂದ ರಾತ್ರಿಗಳಲ್ಲಿ ಹಾರ್ಮೋನಿಯಂ ಮುಂದೆ ಕೂತು ಮಟ್ಟು ಕಲಿಯುತ್ತಾರೆ. ನಾಟಕದ ದಿನ ರಾತ್ರಿ ಶುರುವಾದದ್ದು ಮುಗಿಯುವುದು ಬೆಳಗಿನ ಬಿಸಿಲಿಗೆ.

ಅಷ್ಟು ದುಡ್ಡು ಕೊಟ್ಟವನು ಏನು ಕೇಳುತ್ತಾನೆ ಹೇಳಿ? ಕಂದಪದ್ಯಕ್ಕೆ 'ಒನ್ಸ್ ಮೋರ್' ಬೀಳಬೇಕು, ಭಾವಮೈದುನ ಅಟ್ಟ ಹತ್ತಿ ನೋಟಿನ ಹಾರ ಹಾಕಬೇಕು, ಅತ್ತೆ ಮಾವ ಮುಂದಿನ ಸಾಲಿನಲ್ಲಿ ಕೂತು ಹೆಮ್ಮೆಪಡಬೇಕು. ದುರ್ಯೋಧನನಿಗೆ ಇದೆಲ್ಲ ಸಿಗುತ್ತದೆ. ದುಶ್ಶಾಸನನಿಗೆ ಸಿಗುವುದು 'ನಿನ್ ಕೈ ಸೇದೋಗ!' ಎಂಬ ಶಾಪ ಮಾತ್ರ. ದುಡ್ಡು ಕೊಟ್ಟು ಯಾರು ಸ್ವಾಮಿ ಶಾಪ ಕೊಂಡುಕೊಳ್ಳುತ್ತಾರೆ?

ಕೆಟ್ಟವನು ಬೇರೆ, ನೀಚ ಬೇರೆ

ಕನ್ನಡಿಗರಿಗೆ ಒಂದು ಹಳೇ ಚಾಳಿ ಇದೆ. ದೊಡ್ಡ ಕೆಟ್ಟವನನ್ನು ಕಂಡರೆ ನಮಗೆ ಒಳಗೊಳಗೇ ಪ್ರೀತಿ! ಹತ್ತನೇ ಶತಮಾನದ ರನ್ನ ತನ್ನ ಗದಾಯುದ್ಧದಲ್ಲಿ ದುರ್ಯೋಧನನನ್ನು ರಣರಂಗದಲ್ಲಿ ನಡೆಸಿ, ಸತ್ತ ತಮ್ಮನಿಗಾಗಿ, ಗೆಳೆಯ ಕರ್ಣನಿಗಾಗಿ ಅಳಿಸಿದ. ಓದಿದವರ ಕಣ್ಣೂ ಒದ್ದೆಯಾಯಿತು. ನಾಗಚಂದ್ರ ತನ್ನ ರಾಮಾಯಣದಲ್ಲಿ ರಾವಣನ ಮನಸ್ಸನ್ನೇ ತಿರುಗಿಸಿ ಪಶ್ಚಾತ್ತಾಪ ಪಡುವಂತೆ ಮಾಡಿದ. ಬೆಳ್ಳಿತೆರೆಯಲ್ಲೂ ಅದೇ ಕಥೆ. ನಮ್ಮ ಅಣ್ಣಾವ್ರೇ 1958ರ 'ಭೂಕೈಲಾಸ'ದಲ್ಲಿ ರಾವಣ, 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಮಹಿಷಾಸುರ, 1983ರ 'ಭಕ್ತ ಪ್ರಹ್ಲಾದ'ದಲ್ಲಿ ಹಿರಣ್ಯಕಶಿಪು! ಯಾರಾದರೂ ಬೈದರೇ? ಶಿಳ್ಳೆ ಹೊಡೆದರು!

ಇವರೆಲ್ಲ ಕೆಟ್ಟವರು, ಒಪ್ಪಿದೆ. ಆದರೆ ನೀಚರಲ್ಲ. ಛಲ ಇದೆ, ಶೌರ್ಯ ಇದೆ, ಕೊಟ್ಟ ಮಾತಿದೆ. ಇಂಥವನು ಸತ್ತರೆ 'ಪಾಪ' ಎನ್ನುತ್ತೇವೆ. ನೀಚ ಸತ್ತರೆ 'ಸದ್ಯ!' ಎನ್ನುತ್ತೇವೆ. ಆ 'ಸದ್ಯ' ಹುಟ್ಟಿಸುವುದು ಕಷ್ಟದ ಕೆಲಸ.

ಕರಾವಳಿ ಕಡೆಯ ತಾಳಮದ್ದಳೆ ಕೇಳಿದವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಮಾತೂ ಇಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ತಮ್ಮ ಪಾತ್ರವನ್ನು ಅಲ್ಲೇ ಮಾತಿನಲ್ಲಿ ಕಟ್ಟುತ್ತಾರೆ. 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ, ರಾವಣನಾಗಿ, ಮಾಗಧನಾಗಿ ವಾದಕ್ಕೆ ಕೂತರೆಂದರೆ ಎದುರಿನವರು ಮೈಯೆಲ್ಲ ಎಚ್ಚರವಾಗಿ ಇರಬೇಕಿತ್ತು. ಕೆಟ್ಟವನ ಪಕ್ಷಕ್ಕೂ ನ್ಯಾಯ ಉಂಟು ಎಂದು ಅನ್ನಿಸಿಬಿಡುವ ಮಾತು ಅವರದ್ದು. ಅದು ದೊಡ್ಡ ಖಳನ ದಾರಿ. ನೀಚನಿಗೆ ಆ ದಾರಿ ಇಲ್ಲ. ಅವನಿಗೆ ವಾದ ಬಂದರೆ ಅವನು ದೊಡ್ಡವನಾಗಿಬಿಡುತ್ತಾನೆ!

ರಾಮದೇವರ ಬೆಟ್ಟದ ಪಾಠ

ಮಾಗಡಿಯಿಂದ ರಾಮನಗರ ದೂರವೇನಲ್ಲ. ಅಲ್ಲಿನ ರಾಮದೇವರ ಬೆಟ್ಟದ ಬಂಡೆಗಳ ನಡುವೆ 1973ರ ಅಕ್ಟೋಬರಿನಲ್ಲಿ ಶುರುವಾದ 'ಶೋಲೆ' ಚಿತ್ರೀಕರಣ ಎರಡು ವರ್ಷಕ್ಕೆ ಹತ್ತಿರ ಎಳೆಯಿತು. 1975ರ ಆಗಸ್ಟ್ 15ರಂದು ಚಿತ್ರ ತೆರೆಕಂಡಿತು. ಅದುವರೆಗೆ ಹೆಚ್ಚು ಜನಕ್ಕೆ ಗೊತ್ತೇ ಇಲ್ಲದ ಅಮ್ಜದ್ ಖಾನ್ ಎಂಬ ನಟ ಗಬ್ಬರ್ ಸಿಂಗ್ ಆಗಿ ಮನೆಮಾತಾದ!

ಗಬ್ಬರ್ ಯಾಕೆ ಅಷ್ಟು ಭಯಂಕರ? ಮತ್ತೊಮ್ಮೆ ಚಿತ್ರ ನೋಡಿ, ನಾನು ಹೇಳುವುದು ನಿಜವೋ ಸುಳ್ಳೋ ಲೆಕ್ಕ ಹಾಕಿ. ಅವನು ತೆರೆಗೆ ಬರುವುದು ಬಹಳ ಹೊತ್ತಿನ ಮೇಲೆ. ಅಷ್ಟರೊಳಗೆ ಊರವರ ಮುಖದಲ್ಲಿ ಅವನನ್ನು ನೋಡಿಬಿಟ್ಟಿರುತ್ತೇವೆ. ಕುರುಡ ಮುದುಕ ಇಮಾಮ್ ಸಾಹೇಬರ ಮಗ ಅಹಮದ್ ಸಾಯುತ್ತಾನಲ್ಲ, ಆ ಕೊಲೆಯನ್ನು ತೋರಿಸುವುದೇ ಇಲ್ಲ. ಗಬ್ಬರ್ ಮಲಗಿದ್ದಲ್ಲೇ ಕೈಮೇಲೆ ಹರಿಯುವ ಇರುವೆಯೊಂದನ್ನು ಹೊಸಕಿ ಹಾಕುತ್ತಾನೆ. ಆಮೇಲೆ ಊರಿಗೆ ಬರುವುದು ಕುದುರೆ, ಅದರ ಮೇಲೆ ಹುಡುಗನ ಹೆಣ. ಇಷ್ಟೇ! ಒಂದು ತೊಟ್ಟು ರಕ್ತ ಚೆಲ್ಲದೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮನುಷ್ಯನ ಜೀವಕ್ಕೂ ಇರುವೆಗೂ ವ್ಯತ್ಯಾಸ ಕಾಣದವನು ನೀಚ. ಅಬ್ಬರಿಸಿ ಕತ್ತಿ ಬೀಸುವವನಿಗಿಂತ ಇವನು ಹತ್ತು ಪಾಲು ಮೇಲು... ಅಲ್ಲಲ್ಲ, ಹತ್ತು ಪಾಲು ಕೀಳು!

ಅಟ್ಟದ ಮೇಲಿನಿಂದ ಬಂದ ನಟಭಯಂಕರ

ನಮ್ಮ ವಜ್ರಮುನಿಯವರ ವಿಷಯಕ್ಕೆ ಬರೋಣ. ಹೆತ್ತವರು ಇಟ್ಟ ಹೆಸರು ಸದಾನಂದ ಸಾಗರ್. ಕಣಗಾಲ್ ಪ್ರಭಾಕರ ಶಾಸ್ತ್ರಿಗಳ 'ಪ್ರಚಂಡ ರಾವಣ' ನಾಟಕದಲ್ಲಿ ರಾವಣನಾಗಿ ಗುಡುಗಿದವರು. ಪುಟ್ಟಣ್ಣ ಕಣಗಾಲರ ಕಣ್ಣಿಗೆ ಬಿದ್ದು 1969ರ 'ಮಲ್ಲಮ್ಮನ ಪವಾಡ'ದಿಂದ ಬೆಳ್ಳಿತೆರೆಗೆ ಬಂದರು. ಆಮೇಲೆ ನಡೆದದ್ದು ಇತಿಹಾಸ. 2006ರಲ್ಲಿ ಅವರು ತೀರಿಕೊಂಡ ಮೇಲೂ 'ನಟಭಯಂಕರ' ಎಂದರೆ ಒಬ್ಬರೇ!

ರಾವಣನಾಗಿದ್ದವರು ಜನರ ಬಾಯಲ್ಲಿ ಉಳಿದದ್ದು ಯಾವುದರಿಂದ? 1974ರ 'ಸಂಪತ್ತಿಗೆ ಸವಾಲ್' ಚಿತ್ರದ ಸಾಹುಕಾರ ಸಿದ್ದಪ್ಪನಿಂದ. ಅದೂ ಮೂಲದಲ್ಲಿ ಪಿ.ಬಿ. ಧುತ್ತರಗಿಯವರ ನಾಟಕವೇ. ರಾವಣನಿಗೆ ಹತ್ತು ತಲೆ. ಸಿದ್ದಪ್ಪನಿಗೆ ಒಂದೇ ತಲೆ, ಒಂದು ಪೆಟ್ಟಿಗೆ ದುಡ್ಡು. ಆದರೂ ಜನ ಹಲ್ಲು ಕಡಿದದ್ದು ಸಿದ್ದಪ್ಪನ ಮೇಲೆ. ಯಾಕೆಂದರೆ ಲಂಕೆಯನ್ನು ನಾವ್ಯಾರೂ ನೋಡಿಲ್ಲ, ಸಾಹುಕಾರನ ಜಗಲಿಯನ್ನು ನೋಡಿದ್ದೇವೆ! ಇನ್ನು 1972ರ 'ನಾಗರಹಾವು' ನೆನೆಸಿಕೊಳ್ಳಿ. ಹೊಸ ಹುಡುಗ ಅಂಬರೀಶ್ ಜಲೀಲನಾಗಿ ಬರುವುದು ಕೆಲವೇ ದೃಶ್ಯಗಳಲ್ಲಿ. ಹೆಣ್ಣುಮಗಳೊಬ್ಬಳ ದಾರಿಗೆ ಅಡ್ಡ ನಿಲ್ಲುವ ಪುಂಡ. ಅಂಥವನು ಪ್ರತಿ ಊರಿನ ಬಸ್‌ಸ್ಟ್ಯಾಂಡಿನಲ್ಲೂ ಒಬ್ಬ ಇರುತ್ತಾನಲ್ಲ, ಅದಕ್ಕೇ ಆ ಪಾತ್ರ ಮನಸ್ಸಿಗೆ ಅಂಟಿತು.

ಮೇಷ್ಟ್ರ ಪಾಕಶಾಸ್ತ್ರ

ನಮ್ಮ ಕಡೆಯ ಒಬ್ಬ ಡ್ರಾಮಾ ಮೇಷ್ಟ್ರು ಹುಡುಗರನ್ನು ಕಟ್ಟಿಕೊಂಡು ಒಂದು ಸಾಮಾಜಿಕ ನಾಟಕ ಎತ್ತಿದ್ದರು. ಬರೆದ ಪುಸ್ತಕವಿಲ್ಲ, ಎಲ್ಲರೂ ಸೇರಿ ಮಾತು ಕಟ್ಟುತ್ತಾ ಹೋಗುವುದು. ಖಳನಾಗಿ ಒಬ್ಬ ರೇಷ್ಮೆಗೂಡಿನ ದಲ್ಲಾಳಿ. ಪಾತ್ರಧಾರಿ ಹುಡುಗ ಮೊದಲ ದಿನವೇ ಮೀಸೆ ತಿರುವಿ, ಕಣ್ಣು ಕೆಂಪಗೆ ಮಾಡಿ, 'ಹ್ಹಹ್ಹಹ್ಹಾ' ಎಂದು ನಗಲು ಶುರುಮಾಡಿದ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ಹೇಳಿದರು:

'ಲೇ ಮಗಾ, ಹಂಗ್ ನಗೋನ್ನ ಕಂಡ್ರೆ ನಾಯಿನೂ ದೂರ ಓಡೋಯ್ತದೆ. ಇನ್ನು ರೈತ ಬಂದು ಮೋಸ ಹೋಗ್ತಾನೇನ್ಲಾ? ನೀನು ಮೊದ್ಲು ಅವನ ಮಗೀಗೆ ಜ್ವರ ಬಿಡ್ತಾ ಅಂತ ಕೇಳು. ಕಾಫಿ ತರಿಸ್ಕೊಡು. ಆಮೇಲೆ ತೂಕದಲ್ಲಿ ಕೈ ಇಡು.'

ಹುಡುಗ ಹಾಗೇ ಮಾಡಿದ. ಮಗುವಿನ ಜ್ವರ ಕೇಳಿದ, ಕಾಫಿ ಕೊಟ್ಟ, ಗೂಡು ತೂಗುವಾಗ ಒಂದು ಬೆರಳು ತಕ್ಕಡಿಗೆ ತಾಗಿಸಿದ. ನಾಟಕದ ರಾತ್ರಿ ಆ ಬೆರಳು ಕಂಡೊಡನೆ ಗೂಡು ಬೆಳೆದ ಜನವೆಲ್ಲ 'ಅಯ್ಯೋ ಪಾಪಿ!' ಎಂದು ಒಂದೇ ಗಂಟಲಲ್ಲಿ ಕೂಗಿತು. ಒಂದು ಬೆರಳು ಸ್ವಾಮಿ, ಒಂದೇ ಬೆರಳು!

ಮೇಷ್ಟ್ರ ಇನ್ನೊಂದು ಕಟ್ಟುಪಾಡು ನನಗೆ ಬಹಳ ಹಿಡಿಸಿತು. ಖಳನಿಗೆ ಕುಂಟುಕಾಲು, ಮೆಳ್ಳೆಗಣ್ಣು ಕೊಡುವಂತಿಲ್ಲ. ಒಂದು ಜಾತಿಯ ಮಾತಿನ ಧಾಟಿ ಕೊಡುವಂತಿಲ್ಲ. ಊರಿನ ಯಾರನ್ನೂ ಅಣಕಿಸುವಂತಿಲ್ಲ. 'ಅವನು ಮಾಡೋ ಕೆಲ್ಸದಿಂದ್ಲೇ ಅಸಹ್ಯ ಹುಟ್ಬೇಕು. ಹುಟ್ಟಿನಿಂದ ಹುಟ್ಟಿಸಿದ್ರೆ ನಾಳೆ ಬೆಳಿಗ್ಗೆ ಊರಲ್ಲಿ ಜಗಳ ಬೀಳ್ತದೆ, ತಪ್ಪೂ ನಮ್ಮದೇ ಆಯ್ತದೆ' ಎಂದರು. ಹಳೆಯ ಚಿತ್ರಗಳ ಖಳರಿಗೆ ಕೊಟ್ಟ ಒಕ್ಕಣ್ಣು, ಕುಂಟುಕಾಲುಗಳನ್ನು ನೆನೆದರೆ ಮೇಷ್ಟ್ರ ಮಾತು ಗಾಂಧಿನಗರಕ್ಕೂ ಸಲ್ಲುತ್ತದೆ.

ಸೋಲಲು ಬರಬೇಕು!

ಖಳನ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು ಸೋಲುವುದು. ದುಡ್ಡು ಸುರಿದ ದುರ್ಯೋಧನ ಸೋಲಲು ಒಪ್ಪುವುದಿಲ್ಲ! ತೊಡೆ ಮುರಿದು ಬಿದ್ದ ಮೇಲೂ ಎದ್ದು ಕೂತು ಇನ್ನೊಂದು ಪದ್ಯ ಎತ್ತುತ್ತಾನೆ. ಅಷ್ಟರಲ್ಲಿ ಭಾವಮೈದುನ ಹಾರ ಹಿಡಿದು ಬರುತ್ತಾನೆ. ಭೀಮನಾದವನು ಗದೆ ಹಿಡಿದು ಸುಮ್ಮನೆ ನಿಂತಿರುತ್ತಾನೆ, ಪಾಪ! ಇಂಥ ರಾತ್ರಿ ನಾಟಕ ಕೆಡುತ್ತದೆ.

ಒಳ್ಳೆಯ ಖಳ ಎದುರಿನವನಿಗೆ ಜಾಗ ಬಿಡುತ್ತಾನೆ. ಅವನು ಹೆಜ್ಜೆ ಇಟ್ಟರೆ ಭೀಮನಿಗೆ ಕೋಪ ಬರಬೇಕು, ಮಾತಾಡಿದರೆ ದ್ರೌಪದಿಗೆ ಪ್ರತಿಜ್ಞೆ ಮಾಡುವ ಅವಕಾಶ ಸಿಗಬೇಕು. ಅವನು ಗಳಿಸಿದ ದ್ವೇಷವೆಲ್ಲ ಕೊನೆಗೆ ನಾಯಕನ ಖಾತೆಗೆ ಜಮಾ ಆಗಬೇಕು. ಎದುರಿನವನು ಹೆದರದಿದ್ದರೆ ಇವನೂ ದೊಡ್ಡವನಾಗುವುದಿಲ್ಲ. ಕುದುರೆ ಸವಾರನಿಲ್ಲದೆ ಓಡೀತು, ಖಳ ಮಾತ್ರ ಒಂಟಿಯಾಗಿ ಓಡಲಾರ.

ಎಲ್ಲಿ ಹಿಡೀಲಿ ಅಕ್ಕಾ?

ಈಗ ಗಂಭೀರವಾದ ಮಾತು. ವಸ್ತ್ರಾಪಹರಣದ ದೃಶ್ಯ ಗೊತ್ತಲ್ಲ? ದ್ರೌಪದಿಯಾಗಿ ಬರುವ ಕಲಾವಿದೆ ಹೊರಗಿನ ಊರಿನ ಹೆಣ್ಣುಮಗಳು. ಎದುರಿಗೆ ಸಾವಿರ ಜನ, ಮಧ್ಯರಾತ್ರಿ, ಕೆಲವರ ಹೊಟ್ಟೆಯಲ್ಲಿ ಎಣ್ಣೆ. ದುಶ್ಶಾಸನನಾದವನು ಆವೇಶದಲ್ಲಿ ಒಂದು ಗೇಣು ಹೆಚ್ಚು ಎಳೆದರೆ ಅದು ನಾಟಕವಾಗಿ ಉಳಿಯುವುದಿಲ್ಲ. ಅಲ್ಲಿ ಅವಮಾನವಾಗುವುದು ಒಂದು ನಿಜವಾದ ಜೀವಕ್ಕೆ.

ನಾನು ಪರದೆಯ ಹಿಂದೆ ಕಂಡದ್ದನ್ನು ಹೇಳುತ್ತೇನೆ. ದುಶ್ಶಾಸನನ ಪಾತ್ರಧಾರಿ, ಹೊಲ ಉಳುವ ಗಟ್ಟಿ ಆಳು, ಮುಖಕ್ಕೆ ಕೆಂಪು ಬಳಿದುಕೊಂಡು ಆಕೆಯ ಮುಂದೆ ಕೈಕಟ್ಟಿ ನಿಂತಿದ್ದ.

'ಎಲ್ಲಿ ಹಿಡೀಲಿ ಅಕ್ಕಾ?'

ಆಕೆ ಮೇಲೊಂದು ಸೀರೆ ಸುತ್ತಿ, ಒಳಗಿನದಕ್ಕೆ ನಾಲ್ಕು ಕಡೆ ಪಿನ್ನು ಹಾಕಿಕೊಳ್ಳುತ್ತಿದ್ದರು. 'ಸೆರಗಿನ ತುದಿ ಮಾತ್ರ ಹಿಡ್ಕೊಳಿ ಅಣ್ಣಾ. ಜುಟ್ಟು ಹಿಡಿದಂಗೆ ಕೈ ತನ್ನಿ, ಕೂದ್ಲು ಮುಟ್ಬೇಡಿ. ನಾನು ಕೃಷ್ಣಾ ಅಂತ ಮೂರನೇ ಸಲ ಕೂಗಿದ ಮೇಲೆ ನೀವು ಎಳೀಬೇಡಿ, ನಾನೇ ತಿರುಗ್ತೀನಿ.'

'ಆಯ್ತಕ್ಕಾ. ತಪ್ಪಾದ್ರೆ ಹೊಟ್ಟೆಗೆ ಹಾಕ್ಕೊಳಿ' ಎಂದು ಆತ ನೆಲ ಮುಟ್ಟಿ ನಮಸ್ಕಾರ ಮಾಡಿ ಅಟ್ಟ ಹತ್ತಿದ.

ಆ ಮೇಲೆ ನಡೆದದ್ದೇನು ಗೊತ್ತೇ? ಕೈ ಕೂದಲಿಗೆ ತಾಗಲೇ ಇಲ್ಲ, ಆದರೂ ಚಾಪೆಯ ಮೇಲಿದ್ದ ಹೆಂಗಸರು ತಮ್ಮ ತಮ್ಮ ಜುಟ್ಟು ಹಿಡಿದುಕೊಂಡರು. ಆತ ಎಳೆಯುವಾಗ ಮುಖದಲ್ಲಿ ಕೋಪವೂ ಇರಲಿಲ್ಲ, ಕಾಮವೂ ಇರಲಿಲ್ಲ. ಬೇಲಿಯ ಮೇಲೆ ಒಣಗಿದ ಬಟ್ಟೆ ಎಳೆದುಕೊಳ್ಳುವವನ ಹಾಗೆ ನಿರಾಳವಾಗಿ ಎಳೆದ. ಒಂದು ಮುದುಕಿ ಮಣ್ಣು ತೂರಿತು! ಆಕೆಗೆ ಅವನ ಮೇಲೆ ನಂಬಿಕೆ ಇತ್ತು, ಅದಕ್ಕೇ ಆಕೆ ಅಷ್ಟು ಎದೆ ಒಡೆಯುವಂತೆ ಕೂಗಿದರು. ಅವನಿಗೆ ಗಡಿ ಗೊತ್ತಿತ್ತು, ಅದಕ್ಕೇ ಗಡಿಯೊಳಗೆ ಅಷ್ಟು ಹೇಸಿಗೆಯವನಾಗಲು ಅವನಿಗೆ ಧೈರ್ಯ ಬಂತು.

ಬೆಳಿಗ್ಗೆ ಆತ ಬಣ್ಣ ಒರೆಸಿಕೊಂಡು, ಕಿವಿಯ ಹಿಂದೆ ಇನ್ನೂ ಕೆಂಪು ಉಳಿದಿರುವಾಗಲೇ, ಕ್ಯಾನು ಹಿಡಿದು ಡೈರಿಗೆ ಹಾಲು ಹಾಕಲು ಬಂದ. ಮಣ್ಣು ತೂರಿದ ಮುದುಕಿಯೂ ಸಾಲಿನಲ್ಲಿತ್ತು. ಆತನನ್ನು ಕಂಡದ್ದೇ ಮುಖ ತಿರುಗಿಸಿ ಎರಡು ಹೆಜ್ಜೆ ದೂರ ಸರಿಯಿತು. 'ಯಾಕವ್ವಾ, ನಾನು ಕಣವ್ವಾ!' ಎಂದ ಆತ. 'ನೀನೇ ಅಂತ ಗೊತ್ತು ಕಣ್ಲಾ. ಅತ್ಲಾಗೆ ನಿಂತ್ಕೋ' ಎಂದಿತು ಮುದುಕಿ. ಸುತ್ತಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಆತನ ಮುಖ ಮಾತ್ರ ನೋಟಿನ ಹಾರ ಬಿದ್ದವನ ಹಾಗೆ ಅರಳಿತ್ತು.

ಓದುಗ ಮಹಾಶಯರೇ, ಮುಂದಿನ ಸಲ ನಿಮ್ಮೂರಿನಲ್ಲಿ ನಾಟಕವಾದಾಗ ಕೃಷ್ಣನಿಗೆ, ದುರ್ಯೋಧನನಿಗೆ ಧಾರಾಳವಾಗಿ ಹಾರ ಹಾಕಿ. ಹಾಗೆಯೇ ಪರದೆಯ ಹಿಂದೆ ಹೋಗಿ ದುಶ್ಶಾಸನನಿಗೂ ಒಂದು ಲೋಟ ಬಿಸಿ ಕಾಫಿ ಕೊಟ್ಟು ಬನ್ನಿ. ಅಟ್ಟದ ಮೇಲಿರುವಾಗ ಮಾತ್ರ ಬಯ್ಯಲು ಮರೆಯಬೇಡಿ!