ಸುನೀಲ್‌ಕುಮಾರ್ ದೇಸಾಯಿಯವರ ಅಪರಾಧ ಚಿತ್ರಗಳು

ಪತ್ತೇದಾರಿ ಕಥೆಯೆಂದರೆ ನಮ್ಮ ವಿದ್ಯಾವಂತರಲ್ಲಿ ಅನೇಕರಿಗೆ ಇಂದಿಗೂ ಒಂದು ಬಗೆಯ ತಾತ್ಸಾರ. ಎನ್. ನರಸಿಂಹಯ್ಯನವರ ಕಾದಂಬರಿಗಳಿಂದ ಓದಿನ ರುಚಿ ಹತ್ತಿಸಿಕೊಂಡವರು ಸಹ ಆ ಮಾತನ್ನು ನಾಲ್ವರ ಎದುರಿಗೆ ಹೇಳಲು ಹಿಂಜರಿಯುತ್ತಾರೆ. ಚಲನಚಿತ್ರದ ವಿಷಯದಲ್ಲಿಯೂ ಹಾಗೆಯೇ. ಕೊಲೆ ದರೋಡೆಗಳ ಚಿತ್ರವೆಂದರೆ ಬರಿಯ ಕಾಲಹರಣವೆಂದು ಎಣಿಸುವ ಹಿರಿಯರ ಮುಂದೆ, ಅದರಲ್ಲಿಯೂ ಬುದ್ಧಿಗೆ ತಕ್ಕ ಆಹಾರ ಉಂಟೆಂದು ವಾದಿಸುವುದು ವಿದ್ಯಾರ್ಥಿಯೊಬ್ಬನಿಗೆ ಸುಲಭವಲ್ಲ. ಆದರೆ ಸುನೀಲ್‌ಕುಮಾರ್ ದೇಸಾಯಿಯವರ ಚಿತ್ರಗಳನ್ನು ಸಾಕ್ಷಿಗೆ ಕರೆದರೆ ವಾದವನ್ನು ಗೆಲ್ಲಬಹುದೆಂಬ ಧೈರ್ಯ ನನಗಿದೆ.

ಅವರಿಗಿಂತ ಮೊದಲು ಕನ್ನಡದಲ್ಲಿ ಇಂಥ ಚಿತ್ರಗಳಿರಲಿಲ್ಲವೆಂದಲ್ಲ. 1968ರಲ್ಲಿ ದೊರೈ-ಭಗವಾನ್ ಜೋಡಿ 'ಜೇಡರ ಬಲೆ'ಯಲ್ಲಿ ರಾಜ್‌ಕುಮಾರ್ ಅವರನ್ನು ಸಿ.ಐ.ಡಿ. 999 ಆಗಿ ತೋರಿಸಿತು. 1978ರಲ್ಲಿ ಕಾಶೀನಾಥರ 'ಅಪರಿಚಿತ' ಬಂದಿತು. ಎರಡೂ ಜನಪ್ರಿಯ ಚಿತ್ರಗಳೇ, ಎರಡರಲ್ಲಿಯೂ ಹಾಡುಗಳಿದ್ದವು.

1989ರಲ್ಲಿ ತೆರೆಗೆ ಬಂದ ದೇಸಾಯಿಯವರ 'ತರ್ಕ'ದಲ್ಲಿ ಒಂದು ಹಾಡೂ ಇಲ್ಲ. ಇದು ಮೇಲುನೋಟಕ್ಕೆ ಸಣ್ಣ ಸಂಗತಿ. ಆದರೆ ಯೋಚಿಸಿ ನೋಡಿ: ಅಪರಾಧ ಚಿತ್ರದಲ್ಲಿ ಹಾಡೆಂಬುದು ಪ್ರೇಕ್ಷಕನಿಗೆ ಕೊಡುವ ಬಿಡುವು. ನಾಯಕ ನಾಯಿಕೆಯರು ತೋಟದಲ್ಲಿ ಸುತ್ತುವಷ್ಟು ಹೊತ್ತಿನಲ್ಲಿ ಹೆಣವೇ ಮರೆತುಹೋಗುತ್ತದೆ. ಕೊಲೆಗಾರನೂ, ಪಾಪ, ಪಲ್ಲವಿ ಚರಣಗಳು ಮುಗಿಯುವವರೆಗೆ ಕಾದಿರಬೇಕು. 'ತರ್ಕ' ಈ ಬಿಡುವನ್ನು ಕೊಡುವುದಿಲ್ಲ. ಉಸಿರು ಬಿಡಲು ಎಡೆಯಿಲ್ಲದೆ ಕುಳಿತವನು ಪ್ರತಿಯೊಂದು ಮಾತಿಗೂ ಕಿವಿಗೊಡಲೇಬೇಕು. ಗುಣಸಿಂಗರ ಹಿನ್ನೆಲೆ ಸಂಗೀತವೊಂದೇ ಅವನಿಗೆ ಜೊತೆ. ಹಾಡಿಲ್ಲದೆ ಚಿತ್ರ ಓಡದು ಎಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ, ನಮ್ಮ ಜನ ಬರಿಯ ಕಥೆಗಾಗಿಯೇ ಕೂತುಕೊಳ್ಳುತ್ತಾರೆಂದು ನಂಬಿದ್ದು ದೊಡ್ಡ ಸಾಹಸ. ಜನ ಆ ನಂಬಿಕೆಯನ್ನು ಉಳಿಸಿಕೊಟ್ಟರು. ಮರುವರ್ಷವೇ ಕಥೆ ತಮಿಳಿಗೂ ಹೋಯಿತು. ಕೆ. ಎಸ್. ರವಿಕುಮಾರ್ ನಿರ್ದೇಶಿಸಿದ ಮೊದಲ ಚಿತ್ರ, 1990ರ 'ಪುರಿಯಾದ ಪುದಿರ್', ಇದರದೇ ರೂಪಾಂತರ.

ಕಥೆಯ ಬೀಜ ಅಗಾಥಾ ಕ್ರಿಸ್ಟಿಯವರ 1958ರ ನಾಟಕ 'ದಿ ಅನೆಕ್ಸ್‌ಪೆಕ್ಟೆಡ್ ಗೆಸ್ಟ್'. ಅಪರಿಚಿತನೊಬ್ಬ ರಾತ್ರಿ ಹೊತ್ತು ಒಂದು ಮನೆಗೆ ಬರುತ್ತಾನೆ. ಅಲ್ಲಿ ಒಬ್ಬ ಹೆಂಗಸು, ಒಂದು ಹೆಣ. ಶಂಕರನಾಗ್, ವನಿತಾ ವಾಸು, ಸಂಶಯಪಿಶಾಚಿಯಾದ ಗಂಡನಾಗಿ ದೇವರಾಜ್. ಇದಕ್ಕಿಂತ ಹೆಚ್ಚು ಹೇಳಿದರೆ ಇನ್ನೂ ನೋಡದವರಿಗೆ ದ್ರೋಹ ಬಗೆದಂತೆ.

ಇಲ್ಲಿ ಎರಡು ಭಾವಗಳನ್ನು ಬೇರ್ಪಡಿಸಿ ತಿಳಿಯಬೇಕು. ಇಂಗ್ಲೆಂಡಿನ ಪ್ರಸಿದ್ಧ ನಿರ್ದೇಶಕ ಆಲ್‌ಫ್ರೆಡ್ ಹಿಚ್‌ಕಾಕ್ ಕೊಟ್ಟ ದೃಷ್ಟಾಂತ ಇದಕ್ಕೆ ಸಹಾಯಕ. ಮೇಜಿನ ಕೆಳಗೆ ಬಾಂಬು ಇರುವುದು ನಮಗೆ ಗೊತ್ತಿಲ್ಲದೆ ಅದು ಸಿಡಿದರೆ, ನಮಗೆ ಒಂದು ಗಳಿಗೆಯ ಬೆರಗು. ಬಾಂಬು ಇದೆಯೆಂದು ನಮಗೆ ಗೊತ್ತಿದ್ದು, ಮೇಜಿನ ಸುತ್ತ ಹರಟುತ್ತಿರುವವರಿಗೆ ಗೊತ್ತಿಲ್ಲದಿದ್ದರೆ, ಸಿಡಿಯುವವರೆಗೂ ಆತಂಕ. ದೇಸಾಯಿಯವರು ಎರಡನ್ನೂ ಒಂದೇ ಚಿತ್ರದಲ್ಲಿ ಹೆಣೆಯುತ್ತಾರೆ. ಪೋಲೀಸರು ಮನೆಯೊಳಗೆ ಬಂದರೆ ನಾವು ಆತಂಕಪಡುವುದು ಕಾನೂನಿಗಾಗಿ ಅಲ್ಲ, ಅಡಗಿಸಿಟ್ಟವರಿಗಾಗಿ. ಈ ಆತಂಕದಲ್ಲಿ ಮುಳುಗಿರುವಾಗ, ಹಿಂದಿನಿಂದ ಬೆರಗು ಸದ್ದಿಲ್ಲದೆ ಬರುತ್ತಿರುತ್ತದೆ.

ಉತ್ತರಹಳ್ಳಿಯ ನಮ್ಮ ಮನೆಯಲ್ಲಿ ನಾವು ನಾಲ್ವರು ಗೆಳೆಯರು ಇದನ್ನು ಪರೀಕ್ಷಿಸಿದೆವು. ಚಿತ್ರವನ್ನು ಅರ್ಧಕ್ಕೆ ನಿಲ್ಲಿಸಿ, ಕೊಂದವರು ಯಾರೆಂದು ಒಬ್ಬೊಬ್ಬರೂ ಚೀಟಿ ಬರೆದಿಟ್ಟೆವು. ಒಂದು ಚೀಟಿಯೂ ಇನ್ನೊಂದಕ್ಕೆ ಹೊಂದಲಿಲ್ಲ. ಬಾಗಿಲ ಬಳಿ ಕುಳಿತು ನೋಡುತ್ತಿದ್ದ ಅಜ್ಜಿ, "ಯಾರು ಕೊಂದರೇನ್ರಪ್ಪಾ, ಅಂಥ ಗಂಡ ಹೋಗಿದ್ದೇ ವಾಸಿ" ಎಂದರು. ನಾವು ನಕ್ಕೆವು. ಆದರೆ ವಿಮರ್ಶಕರು ಪುಟಗಟ್ಟಲೆ ಬರೆದು ಹೇಳಬೇಕಾದುದನ್ನು ಅಜ್ಜಿ ಒಂದೇ ಮಾತಿನಲ್ಲಿ ಹೇಳಿದ್ದರೆಂದು ನನಗೆ ಆಮೇಲೆ ತೋರಿತು. ಕಾನೂನಿಗೆ ಕೊಲೆಗಾರ ಯಾರೆಂಬುದು ಮುಖ್ಯ. ನೋಡುವವರಿಗೆ, ಸತ್ತವನು ಎಂಥವನೆಂಬುದೂ ಅಷ್ಟೇ ಮುಖ್ಯ. ಈ ಇಕ್ಕಟ್ಟಿನಲ್ಲಿ ನಮ್ಮನ್ನು ಸಿಕ್ಕಿಸುವುದರಿಂದಲೇ, ಗುಟ್ಟು ತಿಳಿದ ಮೇಲೂ 'ತರ್ಕ'ವನ್ನು ಮತ್ತೆ ನೋಡಬಹುದು. ಆಗ ಅವೇ ಮಾತುಗಳು ಬೇರೆ ಅರ್ಥದಲ್ಲಿ ಕೇಳಿಸುತ್ತವೆ.

ವಿಷ್ಣುವರ್ಧನ್, ಅನಂತನಾಗ್ ಅಭಿನಯಿಸಿದ 1993ರ 'ನಿಷ್ಕರ್ಷ'ದ ದಾರಿ ಬೇರೆ. ಬ್ಯಾಂಕನ್ನು ದೋಚಲು ಬಂದವರು, ಬಹುಮಹಡಿಯ ಕಟ್ಟಡದಲ್ಲಿ ಒತ್ತೆಯಾಳುಗಳು, ಒಬ್ಬ ಕಮಾಂಡೋ. 1988ರ ಅಮೆರಿಕದ 'ಡೈ ಹಾರ್ಡ್' ಚಿತ್ರದ ಛಾಯೆ ಇದರ ಮೇಲಿದೆಯೆಂಬುದು ನಿಜ. ಇದು ಎರವಲೆಂದು ಮೂಗು ಮುರಿಯುವವರು ಒಂದು ಅಂಶವನ್ನು ಗಮನಿಸಬೇಕು. ಕಥೆ ನಡೆಯುವುದು ಮಣಿಪಾಲದಲ್ಲಿ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕುಗಳೆಲ್ಲ ಹುಟ್ಟಿದ್ದು ಅವಿಭಜಿತ ದಕ್ಷಿಣ ಕನ್ನಡದಲ್ಲಿ. ಸಿಂಡಿಕೇಟ್ ಬ್ಯಾಂಕಿನ ಪ್ರಧಾನ ಕಚೇರಿ ಆಗ ಮಣಿಪಾಲದಲ್ಲಿಯೇ ಇತ್ತು. ಬ್ಯಾಂಕುಗಳ ತವರಿನಲ್ಲಿ ಬ್ಯಾಂಕಿನ ದರೋಡೆ! ಬೀಜ ಹೊರಗಿನದಾದರೂ ಅದಕ್ಕೆ ತಕ್ಕ ಮಣ್ಣನ್ನು ಹುಡುಕಿದ್ದಾರೆ. ಇಲ್ಲಿಯೂ ಹಾಡಿಲ್ಲ.

ಅಪರಾಧವೇ ಇಲ್ಲದೆ ಪತ್ತೇದಾರಿ ಸಾಧ್ಯವೆ? 1995ರ 'ಬೆಳದಿಂಗಳ ಬಾಲೆ'ಯೇ ಇದಕ್ಕೆ ಉತ್ತರ. ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ಇದರ ಮೂಲ. ಚದುರಂಗದ ಆಟಗಾರನೊಬ್ಬನಿಗೆ ದೂರವಾಣಿಯಲ್ಲಿ ಒಂದು ಹೆಣ್ಣುದನಿ, ತನ್ನನ್ನು ಹುಡುಕೆಂದು ಪಂಥ ಒಡ್ಡುತ್ತದೆ. ಕೊಲೆಯಿಲ್ಲ, ರಕ್ತವಿಲ್ಲ, ಸುಳಿವುಗಳು ಮಾತ್ರ. ಅವಳ ಮುಖವನ್ನು ಕೊನೆಯವರೆಗೂ ತೋರಿಸುವುದಿಲ್ಲ. ಪ್ರೇಮಕಥೆಯಾದರೂ ಇದನ್ನು ನಾನು ಅವರ ಅಪರಾಧ ಚಿತ್ರಗಳ ಸಾಲಿಗೇ ಸೇರಿಸುತ್ತೇನೆ, ಹುಡುಕಾಟದ ಯಂತ್ರ ಅದೇ ಆದ್ದರಿಂದ.

ಕನ್ನಡ ಐಚ್ಛಿಕದ ಮಿತ್ರರಿಗೆ ಒಂದು ತಮಾಷೆ: ತರ್ಕ, ಉತ್ಕರ್ಷ, ಸಂಘರ್ಷ, ನಿಷ್ಕರ್ಷ, ಪ್ರತ್ಯರ್ಥ, ಮರ್ಮ, ಉದ್ಘರ್ಷ. ಎಲ್ಲದರಲ್ಲಿಯೂ ಅರ್ಕಾವೊತ್ತು! ಒಲವಿನ ಕಥೆಗೆ ತಿರುಗಿದಾಗ ಮಾತ್ರ 'ಬೆಳದಿಂಗಳ ಬಾಲೆ', 'ನಮ್ಮೂರ ಮಂದಾರ ಹೂವೇ' ಎಂದು ಹೆಸರು ಮೆತ್ತಗಾಗುತ್ತದೆ. 'ಸ್ಪರ್ಶ' ಒಂದು ಅಪವಾದ.

ಎಲ್ಲ ಚಿತ್ರಗಳೂ ಒಂದೇ ಮಟ್ಟದವಲ್ಲ. 2007ರ 'ಕ್ಷಣ ಕ್ಷಣ', 2019ರ 'ಉದ್ಘರ್ಷ'ಗಳಲ್ಲಿ ಹಿಂದಿನ ಬಿಗಿ ನನಗೆ ಕಾಣಲಿಲ್ಲ. ಹೊಸದಾಗಿ ನೋಡುವವರು 'ತರ್ಕ'ದಿಂದಲೇ ತೊಡಗಲಿ. ಹೊರಗೆ ಮಳೆಯಿರುವ ರಾತ್ರಿಯಾದರೆ ಉತ್ತಮ. ಮೊದಲೇ ನೋಡಿದ ಗೆಳೆಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಡಿ.