ಆಲಮಟ್ಟಿಯ ಮೀಟರು, ನಮ್ಮೂರಿನ ಅಡಿ: ಪುಟ್ಟದೊಂದು ಎಕ್ಸ್‌ಟೆನ್ಷನ್ ಬರೆಯೋಣ ಬನ್ನಿ

ಆಲಮಟ್ಟಿ ಅಣೆಕಟ್ಟಿನ ಎತ್ತರದ ಸುದ್ದಿ ಬಂದಾಗಲೆಲ್ಲ ಎರಡು ಸಂಖ್ಯೆಗಳು ಕಾಣಿಸುತ್ತವೆ. 519.60 ಮೀಟರ್, ಈಗ ನೀರು ನಿಲ್ಲಿಸುವ ಮಟ್ಟ. 524.256 ಮೀಟರ್, 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿದ ಮಟ್ಟ. ಕಲಾದಗಿಯಲ್ಲಿ ಈ ಸುದ್ದಿ ಓದಿ ಹೇಳಿದರೆ ಹಿರಿಯರು ಕೇಳೋದು ಒಂದೇ ಪ್ರಶ್ನೆ: "ಅಂದ್ರ ಎಷ್ಟ್ ಅಡಿ ಏರತೈತಿ?" ನಮ್ಮ ಕಡೆ ಬಾವಿ, ಬೋರ್‌ವೆಲ್, ಮನೆ ಗೋಡೆ ಎಲ್ಲವೂ ಅಡಿ ಲೆಕ್ಕದಲ್ಲೇ. ಕೆಆರ್‌ಎಸ್ ಮಟ್ಟವೂ ಪತ್ರಿಕೆಗಳಲ್ಲಿ ಅಡಿಯಲ್ಲೇ ಬರುತ್ತೆ, ಆಲಮಟ್ಟಿಯದ್ದು ಮಾತ್ರ ಮೀಟರಿನಲ್ಲಿ.

524.256 ಅನ್ನು ಅಡಿಗೆ ಬದಲಿಸಿ ನೋಡಿ. ಸರಿಯಾಗಿ 1720 ಬರುತ್ತೆ! ಮೂರು ದಶಾಂಶದ ಈ ವಿಚಿತ್ರ ಅಂಕಿಯೊಳಗೆ ಇರೋದು ದುಂಡನೆಯ ಅಡಿ ಲೆಕ್ಕ. 519.60 ಅಂದ್ರೆ 1704.7 ಅಡಿ. ವ್ಯತ್ಯಾಸ 15 ಅಡಿಗೂ ಹೆಚ್ಚು. ಹಳೇ ಬಾಗಲಕೋಟೆಯ ದೊಡ್ಡ ಭಾಗ ಹಿನ್ನೀರಿಗೆ ಹೋಗಿ, ಜನ ನವನಗರಕ್ಕೆ ಗಂಟುಮೂಟೆ ಕಟ್ಟಿದ್ದನ್ನು ಕಂಡ ಜಿಲ್ಲೆಗೆ "4.656 ಮೀಟರ್" ಅನ್ನೋದಕ್ಕಿಂತ "15 ಅಡಿ" ಬೇಗ ಅರ್ಥವಾಗುತ್ತೆ. ಅರ್ಥವಾಗದ ಅಳತೆಯ ಬಗ್ಗೆ ಗ್ರಾಮಸಭೆಯಲ್ಲಿ ಯಾರು ಪ್ರಶ್ನೆ ಕೇಳ್ತಾರೆ?

ಅದಕ್ಕೇ ನಾನೊಂದು ಬ್ರೌಸರ್ ಎಕ್ಸ್‌ಟೆನ್ಷನ್ ಬರೆದೆ. ಸುದ್ದಿಯಲ್ಲಿ ಮೀಟರ್ ಕಂಡರೆ ಪಕ್ಕದಲ್ಲಿ ಅಡಿ ತೋರಿಸುತ್ತೆ, ಅಷ್ಟೇ. ಮೂಲ ಅಂಕಿಯನ್ನು ಅಳಿಸೋದಿಲ್ಲ, ಬೇರೆಯವರು ಬರೆದ ಸುದ್ದಿ ತಿದ್ದುವ ಹಕ್ಕು ನಮಗಿಲ್ಲ. ಎಕ್ಸ್‌ಟೆನ್ಷನ್ ಅಂದ್ರೆ ಒಂದು ಫೋಲ್ಡರ್. ಅದರಲ್ಲಿ ಹೆಸರು, ಅನುಮತಿಗಳನ್ನು ಹೇಳುವ ಮ್ಯಾನಿಫೆಸ್ಟ್ ಫೈಲ್ ಒಂದು, ಪುಟದ ಮೇಲೆ ಓಡುವ ಜಾವಾಸ್ಕ್ರಿಪ್ಟ್ ಒಂದು ಇದ್ದರೆ ಸಾಕು. ಕ್ರೋಮ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ ಆ ಫೋಲ್ಡರ್ ತೋರಿಸಿದರೆ ಓಡುತ್ತೆ.

ಜಾವಾಸ್ಕ್ರಿಪ್ಟನ್ನು ಮೂರು ಪುಟ್ಟ ತುಣುಕುಗಳಾಗಿ ಒಡೆದಿದ್ದೇನೆ. ಮೊದಲನೆಯದು ಕನ್ನಡ ಅಂಕಿಗಳಿಗೆ. ಯೂನಿಕೋಡ್‌ನಲ್ಲಿ ೦ಯ ಸಂಖ್ಯೆ 3302, ೯ರದ್ದು 3311. ಹಾಗಾಗಿ ಅಕ್ಷರದ ಸಂಖ್ಯೆಯಿಂದ 3302 ಕಳೆದರೆ ಕಂಪ್ಯೂಟರಿಗೆ ಬೇಕಾದ ಅಂಕಿ ಸಿಗುತ್ತೆ. ಎರಡನೆಯದು ಮೀಟರನ್ನು 0.3048ರಿಂದ ಭಾಗಿಸುತ್ತೆ. ಮೂರನೆಯದು ಪುಟದ ಪಠ್ಯವನ್ನಷ್ಟೇ ಹುಡುಕಿ ಅಡಿ ಸೇರಿಸುತ್ತೆ. ಇಲ್ಲೊಂದು ಬೇಲಿ ಬೇಕು: 500ರಿಂದ 530ರ ನಡುವಿನ ಅಂಕಿಗಳಿಗೆ ಮಾತ್ರ ಕೈ ಹಾಕಬೇಕು. ಇಲ್ಲದಿದ್ರೆ ಕ್ರೀಡಾ ಪುಟದ 100 ಮೀಟರ್ ಓಟವೂ ಅಡಿಯಾಗುತ್ತೆ.

ತುಣುಕು ಮಾಡಿದ್ದರ ಲಾಭ ಆಮೇಲೆ ಗೊತ್ತಾಗುತ್ತೆ. ಪರಿಸರ ವರದಿಗಳ ಹೆಕ್ಟೇರನ್ನು ಎಕರೆ-ಗುಂಟೆಗೆ ತರಬೇಕಾದರೆ ಎರಡನೆಯ ತುಣುಕಿನ ಲೆಕ್ಕ, ಆ ಬೇಲಿ ಎರಡನ್ನೂ ಬದಲಿಸಿದರಾಯ್ತು. ಆಪಲ್ 2005ರಲ್ಲಿ ಮ್ಯಾಕ್‌ಗೆ ತಂದ ಡ್ಯಾಶ್‌ಬೋರ್ಡ್ ವಿಜೆಟ್‌ಗಳೂ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್‌ನಲ್ಲೇ ಇದ್ದವು. 2019ರಲ್ಲಿ ಕಂಪನಿಯೇ ಅವನ್ನು ತೆಗೆದುಹಾಕಿತು. ವೇದಿಕೆ ಹೋದರೂ ಬಿಡಿ ತುಣುಕು ಇನ್ನೊಂದು ಕಡೆ ಓಡುತ್ತೆ.

ಅನುಮತಿಯ ವಿಷಯದಲ್ಲಿ ನಾನು ಬಿಗಿ. ಎಲ್ಲ ವೆಬ್‌ಸೈಟ್‌ಗಳನ್ನೂ ಓದುವ ಅನುಮತಿ ಕೇಳಿದರೆ ಬ್ಯಾಂಕ್ ಪುಟವೂ ಅದರೊಳಗೆ ಬಂತು. ಬೇಕಾದ ನಾಲ್ಕು ಸುದ್ದಿತಾಣಗಳ ಹೆಸರನ್ನಷ್ಟೇ ಮ್ಯಾನಿಫೆಸ್ಟ್‌ನಲ್ಲಿ ಬರೆಯಿರಿ. ಖಾಸಗಿತನದ ಬಗ್ಗೆ ಸರ್ಕಾರವನ್ನು ಪ್ರಶ್ನಿಸುವ ನಾವು ನೆರೆಮನೆಯವರ ಬ್ರೌಸರಿನಲ್ಲಿ ಇಣುಕೋದು ಸರಿಯಲ್ಲ.

ಇದೇ ತುಣುಕುಗಳಿಂದ ಹೊಸ ಟ್ಯಾಬ್ ತೆರೆದಾಗ ಕಾಣುವ ವಿಜೆಟ್ ಕೂಡ ಮಾಡಿದೆ: ಇಂದಿನ ಮಟ್ಟ, 519.60ಕ್ಕೆ ಇನ್ನೆಷ್ಟು ಅಡಿ ಬಾಕಿ. ಇವೆಲ್ಲ ಸಮುದ್ರಮಟ್ಟದಿಂದ ಅಳೆದ ಎತ್ತರ, ನೀರಿನ ಆಳವಲ್ಲ ಅನ್ನೋದನ್ನು ಅದರಲ್ಲೇ ಬರೆದಿದ್ದೇನೆ. ಯಾರ ಹೊಲಕ್ಕೆ ನೀರು ಬರುತ್ತೆ ಅಂತ ವಿಜೆಟ್ ಹೇಳೋದಿಲ್ಲ. ಹಿನ್ನೀರು ತಟ್ಟೆಯಲ್ಲಿಟ್ಟ ನೀರಿನಂತೆ ಸಮನಾಗಿ ನಿಲ್ಲಲ್ಲ. ಘಟಪ್ರಭೆಯಲ್ಲಿ ಪ್ರವಾಹ ಇದ್ದರೆ ಮೇಲಿನ ಊರುಗಳ ಲೆಕ್ಕವೇ ಬೇರೆ.

ಮುಖ್ಯವಾದದ್ದು ದಿನಾಂಕ. ಮಾಹಿತಿ ಕೊಡುವ ಸರ್ಕಾರಿ ಪುಟದ ವಿನ್ಯಾಸ ಬದಲಾದರೆ ವಿಜೆಟ್‌ಗೆ ಹೊಸ ಅಂಕಿ ಸಿಗೋದಿಲ್ಲ, ಹಳೆಯದೇ ನಿಂತಿರುತ್ತೆ. ಮಳೆಗಾಲದಲ್ಲಿ ಅದು ಅಪಾಯ. ಅದಕ್ಕೆ 24 ಗಂಟೆ ಮೀರಿದ ಅಂಕಿಯನ್ನು ಅಳಿಸಿ, ಆ ಜಾಗದಲ್ಲಿ "ಹೊಸ ಮಾಹಿತಿ ಬಂದಿಲ್ಲ" ಅಂತ ಕೆಂಪಕ್ಷರದಲ್ಲಿ ತೋರಿಸುವಂತೆ ಮಾಡಿದ್ದೇನೆ.