ದಾರದ ಮೇಲಿನ ಮಣ್ಣಿನ ಕೋತಿ

ಗೊಂಬೆಯನ್ನು ನೋಡಬಹುದು, ಆದರೆ ಮುಟ್ಟಬಾರದು ಎಂಬ ನಿಯಮವನ್ನು ಐದು ವರ್ಷದ ಮಗುವಿಗೆ ತಿಳಿಯಹೇಳುವುದು ಸುಲಭವಲ್ಲ. ಈ ಮಾತಿನ ಸತ್ಯವು ನಮಗೆ ಮನದಟ್ಟಾದುದು ದೆಹಲಿಯಲ್ಲಿ. ರಜೆಯಲ್ಲಿ ಸಕುಟುಂಬವಾಗಿ ಆ ನಗರಕ್ಕೆ ಹೋಗಿದ್ದ ನಾವು, ಮಕ್ಕಳಿಬ್ಬರ ಒತ್ತಾಯಕ್ಕೆ ಮಣಿದು, ಬಹದ್ದೂರ್ ಷಾ ಜಫರ್ ಮಾರ್ಗದ ನೆಹರು ಹೌಸಿನಲ್ಲಿರುವ ಅಂತರರಾಷ್ಟ್ರೀಯ ಗೊಂಬೆಗಳ ಸಂಗ್ರಹಾಲಯಕ್ಕೆ ಹೊರಟೆವು.

ಈ ಸಂಗ್ರಹಾಲಯವನ್ನು ಕಟ್ಟಿದವರು ಪ್ರಸಿದ್ಧ ವ್ಯಂಗ್ಯಚಿತ್ರಕಾರರಾದ ಶಂಕರ್ ಪಿಳ್ಳೆಯವರು. ಹಂಗೆರಿ ದೇಶದ ರಾಯಭಾರಿಯೊಬ್ಬರು ಕಾಣಿಕೆಯಾಗಿ ಕೊಟ್ಟ ಒಂದು ಗೊಂಬೆಯಿಂದ ಅವರಿಗೆ ಈ ಹವ್ಯಾಸ ಅಂಟಿತಂತೆ. ದೇಶದೇಶಗಳ ಗೊಂಬೆಗಳು ಕೂಡುತ್ತ ಹೋಗಿ, 1965ರಲ್ಲಿ ಸಂಗ್ರಹಾಲಯವು ಸಾರ್ವಜನಿಕರಿಗೆ ತೆರೆಯಿತು. ಇಂದು ಅಲ್ಲಿ ಸುಮಾರು 85 ದೇಶಗಳ ಆರು ಸಾವಿರಕ್ಕೂ ಮಿಕ್ಕ ಗೊಂಬೆಗಳಿವೆ. ಜಪಾನಿನ ಯೋಧರು, ನಾನಾ ದೇಶಗಳ ನರ್ತಕಿಯರು, ನಮ್ಮ ನಾಡಿನ ಮದುವಣಗಿತ್ತಿಯರು ಎಲ್ಲರೂ ಗಾಜಿನ ಹಿಂದೆ ಸಾಲಾಗಿ ನಿಂತಿದ್ದಾರೆ. ನಮಗೂ ನಮ್ಮ ಮನೆಯವರಿಗೂ ನೋಡಿದಷ್ಟೂ ಸಾಲದಾಯಿತು. ಮಗಳಾದರೋ ಸ್ವಲ್ಪ ಹೊತ್ತಿಗೇ ಗಾಜಿಗೆ ಮೂಗು ತಾಗಿಸಿ, "ಅಪ್ಪಾ, ಇವು ಆಡೋದಿಲ್ವೇ?" ಎಂದು ಕೇಳಿದಳು.

ಆಡುವ ಗೊಂಬೆಯನ್ನು ತೋರಿಸಲೇಬೇಕೆಂದು ಮರುದಿನ ಜನಪಥದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದೆವು. ಅಲ್ಲಿಯ ಸಿಂಧೂ ನಾಗರಿಕತೆಯ ವಿಭಾಗದಲ್ಲಿ ಸುಟ್ಟ ಮಣ್ಣಿನ ಆಟಿಕೆಗಳಿವೆ. ಅವುಗಳ ವಯಸ್ಸು ಸುಮಾರು 4500 ವರ್ಷ. ಗಟ್ಟಿ ಚಕ್ರಗಳ ಪುಟ್ಟ ಬಂಡಿಗಳಿವೆ. ಮೊಹೆಂಜೊದಾರೊದ ಒಂದು ಪ್ರಾಣಿಯ ತಲೆಯನ್ನು ಬೇರೆಯಾಗಿಯೇ ಮಾಡಿ, ಅಲ್ಲಾಡುವಂತೆ ದೇಹಕ್ಕೆ ಜೋಡಿಸಿದ್ದಾರೆ. ದಾರವನ್ನೆಳೆದರೆ ಅದು ತಲೆಯಾಡಿಸುತ್ತಿತ್ತು. ಇಂಥ ವಸ್ತುಗಳಲ್ಲಿ ಯಾವುವು ಆಟಕ್ಕೆ, ಯಾವುವು ಪೂಜೆಗೆ ಎಂಬ ಚರ್ಚೆ ವಿದ್ವಾಂಸರಲ್ಲಿ ಉಂಟು. ಆದರೆ ತಲೆಯಾಡಿಸುವ ಪ್ರಾಣಿಯನ್ನು ಕಂಡ ನಮ್ಮ ಮಕ್ಕಳಿಗೆ ಅಂಥ ಸಂಶಯವೇನೂ ಬರಲಿಲ್ಲ.

ಸಿಂಧೂ ನಗರಗಳಲ್ಲಿ ದಾರದ ಮೇಲೆ ಜಾರುವ ಮಣ್ಣಿನ ಕೋತಿಗಳೂ ದೊರೆತಿವೆಯೆಂದು ನಾವು ಹೇಳಿದೆವು. ಮೂರನೆಯ ತರಗತಿಯಲ್ಲಿ ಓದುತ್ತಿರುವ ಮಗನು, "ಜಾರೋ ಕೋತಿಯನ್ನ ನಡುವೆ ನಿಲ್ಲಿಸ್ಬಹುದೇ?" ಎಂದ. "ಓಹೋ, ದಾರವನ್ನು ಬಿಗಿಯಾಗಿ ಎಳೆದರೆ ಘರ್ಷಣೆಯಿಂದ ನಿಲ್ಲುತ್ತದೆ" ಎಂದೆವು. ಅವನು ಮಾತನಾಡಲಿಲ್ಲ. ಘರ್ಷಣೆಯೆಂಬ ಪದದಿಂದ ಅವನಿಗೆ ಏನೂ ತಿಳಿದಂತೆ ತೋರಲಿಲ್ಲ. ನಮಗಾದರೂ ಎಷ್ಟು ತಿಳಿದಿತ್ತೆಂಬುದು ಊರಿಗೆ ಹಿಂದಿರುಗಿದ ಮೇಲೆ ಬಯಲಾಯಿತು.

ಕುಂಬಾರರ ಮನೆಯಿಂದ ಹದವಾದ ಮಣ್ಣನ್ನು ತಂದು ಎಲ್ಲರೂ ಕೋತಿ ಮಾಡಲು ಕುಳಿತೆವು. ನಾವು ಪೊರಕೆಕಡ್ಡಿಯೊಂದನ್ನು ತಲೆಯಿಂದ ಬುಡದವರೆಗೆ ನೆಟ್ಟಗೆ ಚುಚ್ಚಿ, ಅಚ್ಚುಕಟ್ಟಾದ ರಂಧ್ರವನ್ನು ಕೊರೆದೆವು. ಎರಡು ದಿನ ಒಣಗಿಸಿದ ಮೇಲೆ ದಾರ ಪೋಣಿಸಿ, ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ಕೆಳಕ್ಕೆ ಎಳೆದೆವು. ಕೋತಿ ಸರ್ರನೆ ಜಾರಿ ಕೈಯ ಮೇಲೆ ಬಿದ್ದಿತು. ಇನ್ನೂ ಬಿಗಿಯಾಗಿ ಎಳೆದೆವು. ಆಗಲೂ ಅದೇ ಕಥೆ. "ಅಪ್ಪಾ, ಘರ್ಷಣೆ ಎಲ್ಲಿ ಹೋಯ್ತು?" ಎಂದು ಮಗನು ಕೇಳಿದನು. ಹಲವು ವರ್ಷಗಳಿಂದ ಕಾಲೇಜಿನಲ್ಲಿ ಘರ್ಷಣೆಯ ನಿಯಮಗಳನ್ನು ಬೋಧಿಸುತ್ತ ಬಂದಿರುವ ನಾವು ಆ ಗಳಿಗೆಯಲ್ಲಿ ನಿರುತ್ತರರಾದೆವು.

ಉತ್ತರವು ಮಗಳ ಕೋತಿಯಲ್ಲಿತ್ತು. ಕಡ್ಡಿಯನ್ನು ನೇರವಾಗಿ ತೂರಿಸಲಾರದೆ ಅವಳು ಮೇಲಿನಿಂದ ಅರ್ಧ, ಕೆಳಗಿನಿಂದ ಅರ್ಧ ಓರೆಯಾಗಿ ಚುಚ್ಚಿದ್ದಳು. ಎರಡು ತೂತುಗಳೂ ನಡುವೆ ಹೇಗೋ ಕೂಡಿಕೊಂಡಿದ್ದವು. ದಾರ ಪೋಣಿಸಲು ಅವಳ ತಾಯಿ ಸೂಜಿಯೊಡನೆ ಬಹಳ ಹೊತ್ತು ಹೆಣಗಬೇಕಾಯಿತು. ಆದರೆ ಆ ಕೋತಿ ದಾರ ಸಡಿಲವಿದ್ದಾಗ ಜಾರಿತು, ಬಿಗಿಯಾದೊಡನೆ ನಿಂತಿತು! "ಇದರ ತೂತು ಸೊಟ್ಟಗಿದೆ, ಅದಕ್ಕೇ ಕಚ್ಚಿಕೊಳ್ತಿದೆ" ಎಂದರು ನಮ್ಮ ಮನೆಯವರು. ನಾವು ಕಾಣದಿದ್ದುದು ಅದೇ.

ಘರ್ಷಣೆ ಹುಟ್ಟಬೇಕಾದರೆ ಎರಡು ಮೈಗಳು ಪರಸ್ಪರ ಒತ್ತಬೇಕು. ನೇರವಾದ ರಂಧ್ರದಲ್ಲಿ ಬಿಗಿದ ದಾರವೂ ನೇರವಾಗಿಯೇ ಇರುತ್ತದೆ. ಅದು ಗೋಡೆಯನ್ನು ಒತ್ತುವುದಿಲ್ಲವಾದ್ದರಿಂದ ಎಷ್ಟೇ ಎಳೆದರೂ ಫಲವಿಲ್ಲ. ರಂಧ್ರವು ಬಾಗಿದ್ದರೆ ದಾರವು ಆ ತಿರುವಿನಲ್ಲಿ ಗೋಡೆಗೆ ಒರಗುತ್ತದೆ. ಆಗ ಎಳೆತ ಹೆಚ್ಚಿದಷ್ಟೂ ಒತ್ತಡ ಹೆಚ್ಚು, ಒತ್ತಡ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು. ಅದು ಕೋತಿಯ ತೂಕವನ್ನು ತಡೆಯುವಷ್ಟಾದಾಗ ಕೋತಿ ನಿಲ್ಲುತ್ತದೆ.

ಹದಿನೆಂಟನೆಯ ಶತಮಾನದಲ್ಲಿಯೇ ಗಣಿತಜ್ಞ ಆಯ್ಲರನು ಇದರ ಲೆಕ್ಕವನ್ನು ಹಾಕಿದ್ದನು. ದಾರದ ಎರಡು ಕಡೆಗಳ ಎಳೆತಗಳ ನಡುವಿನ ಪ್ರಮಾಣವು ಸುತ್ತಿನ ಕೋನದೊಡನೆ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಘರ್ಷಣಾಂಕವು 0.3 ಎಂದಿಟ್ಟುಕೊಳ್ಳಿ. ಕಂಬಕ್ಕೆ ಹಗ್ಗವನ್ನು ಒಂದು ಸುತ್ತು ಸುತ್ತಿದರೆ ನಾವು ಹಿಡಿದ ಬಲದ ಸುಮಾರು 6.6ರಷ್ಟು ಎಳೆತವನ್ನು ತಡೆಯಬಹುದು. ಎರಡು ಸುತ್ತಿಗೆ ಅದು 43ರಷ್ಟು, ಮೂರು ಸುತ್ತಿಗೆ 285ರಷ್ಟು! ಬಂದರಿನಲ್ಲಿ ಒಬ್ಬ ಆಳು ಗೂಟಕ್ಕೆ ಹಗ್ಗ ಸುತ್ತಿ ದೊಡ್ಡ ದೋಣಿಯನ್ನು ತಡೆದು ನಿಲ್ಲಿಸುವುದು ಈ ಬಲದಿಂದಲೇ. ಅವನ ಹಗ್ಗಕ್ಕೂ ನಮ್ಮ ಮಗಳ ಕೋತಿಗೂ ನಿಯಮ ಒಂದೇ.

ವಿದ್ಯಾರ್ಥಿಗಳು ಈ ಆಟಿಕೆಯನ್ನು ತಾವೇ ಮಾಡಿ ನೋಡಬೇಕು. ಕೋತಿಯನ್ನು ಮೊದಲು ತೂಗಿಕೊಳ್ಳಿ. ದಾರವನ್ನು ಮೇಲೆ ಕಟ್ಟಿ, ಕೆಳತುದಿಗೆ ಸಣ್ಣ ತೂಕಗಳನ್ನು ಒಂದೊಂದಾಗಿ ತೂಗುಹಾಕುತ್ತ, ಕೋತಿಯು ಜಾರದೆ ನಿಲ್ಲುವ ಅತ್ಯಲ್ಪ ತೂಕವನ್ನು ಗುರುತಿಸಿ. ಈ ತೂಕಕ್ಕೆ ಕೋತಿಯ ತೂಕವನ್ನು ಕೂಡಿಸಿ, ಮೊತ್ತವನ್ನು ಈ ತೂಕದಿಂದಲೇ ಭಾಗಿಸಿದರೆ ಆಯ್ಲರನ ಪ್ರಮಾಣವು ದೊರೆಯುತ್ತದೆ. ರಂಧ್ರವನ್ನು ಹೆಚ್ಚು ಬಾಗಿಸಿ ಇನ್ನೊಂದು ಕೋತಿಯನ್ನು ಮಾಡಿ ಹೋಲಿಸಿ ನೋಡಿ. ಮೊದಲ ಕೋತಿ ಕೈಮೇಲೆ ಬಿದ್ದರೆ ಬೇಸರ ಬೇಡ. ನಮಗೆ ಪಾಠ ಕಲಿಸಿದುದು ಅದೇ.

ಗಾಜಿನ ಹಿಂದಿನ ಗೊಂಬೆಗಳನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಕಾಪಾಡದಿದ್ದರೆ ಅವು ನಮ್ಮವರೆಗೆ ಬರುತ್ತಲೇ ಇರಲಿಲ್ಲ. ಆದರೆ ಆಟಿಕೆಯನ್ನು ನೋಡುವುದು ಬೇರೆ, ಅರಿಯುವುದು ಬೇರೆ. ಮಗಳ ಸೊಟ್ಟ ಕೋತಿಯು ಈಗ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಕಿಟಕಿಯಲ್ಲಿ ತೂಗುತ್ತಿದೆ. ರಜೆ ಬಂದಾಗ ಹಿಂದಕ್ಕೆ ಕೊಡಬೇಕೆಂಬ ಷರತ್ತಿನ ಮೇಲೆ ಅವಳು ಅದನ್ನು ಎರವಲು ಕೊಟ್ಟಿದ್ದಾಳೆ. ಅದನ್ನು ಯಾರು ಬೇಕಾದರೂ ಮುಟ್ಟಬಹುದು.